ಮೂವತ್ತೈದು ದಾಟಿದ ಮೇಲೆ ಡಿಗ್ರಿಗೆ ಸೇರಬಹುದಾ?



ಸಂಘದ ಸಭೆಗಳಲ್ಲಿ ಸಾಲ, ಉಳಿತಾಯ, ಬಡ್ಡಿ, ಹಸುವಿನ ವಿಮೆ ಎಲ್ಲದರ ಬಗ್ಗೆಯೂ ಗಟ್ಟಿಯಾಗಿ ಮಾತಾಡುತ್ತೀರಿ. ಒಂದು ಪ್ರಶ್ನೆಯನ್ನು ಮಾತ್ರ ಸಭೆ ಮುಗಿದು ಎಲ್ಲರೂ ಎದ್ದ ಮೇಲೆ ಮೆಲ್ಲಗೆ ಕೇಳುತ್ತೀರಿ. "ಸಿಸ್ಟರ್, ನಾನು ಹತ್ತನೇ ಕ್ಲಾಸಿಗೇ ಬಿಟ್ಟುಬಿಟ್ಟೆ. ಈಗ ಓದಿ ಡಿಗ್ರಿ ಮಾಡ್ಕೋಬಹುದಾ? ಯಾರೂ ನಗಲ್ವಾ?" ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಬರುತ್ತದೆ. ಅದಕ್ಕೇ ಈ ಸಲ ಇದನ್ನೇ ಬರೆಯುತ್ತಿದ್ದೇನೆ.

ಮಾಡಿಕೊಳ್ಳಬಹುದು. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಪದವಿಗೆ ಸೇರಲು ಇಷ್ಟೇ ವಯಸ್ಸಿನ ಒಳಗೆ ಇರಬೇಕು ಎಂಬ ನಿಯಮ ಇಲ್ಲ. ಆದರೆ ಮೆಟ್ಟಿಲು ಹಾರಿ ಹೋಗುವಂತಿಲ್ಲ. ಮೊದಲು ಎಸ್.ಎಸ್.ಎಲ್.ಸಿ., ಆಮೇಲೆ ಪಿ.ಯು.ಸಿ., ಆಮೇಲೆ ಪದವಿ. "ಮೂರನ್ನೂ ಒಂದೇ ವರ್ಷದಲ್ಲಿ ಮಾಡಿಸಿ ಕೊಡ್ತೀವಿ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅವರ ವಿಷಯ ಮುಂದೆ ಹೇಳುತ್ತೇನೆ.

ಯಾಕೆ ಓದಬೇಕು?

ಈ ಪ್ರಶ್ನೆಯನ್ನು ನಿಮಗೆ ನೀವೇ ಮೊದಲು ಕೇಳಿಕೊಳ್ಳಿ. ಅದಕ್ಕೆ ಸಿಗುವ ಉತ್ತರದ ಮೇಲೆ ನೀವು ಎಲ್ಲಿಯವರೆಗೆ ಓದಬೇಕು ಎನ್ನುವುದು ತೀರ್ಮಾನ ಆಗುತ್ತದೆ.

ನಮ್ಮ ಸಂಘಗಳಲ್ಲಿ ಬಹಳ ಜನರ ಕಣ್ಣು ಅಂಗನವಾಡಿ ಕೆಲಸದ ಮೇಲೆ ಇರುತ್ತದೆ. ಮುಂಚೆ ಎಸ್.ಎಸ್.ಎಲ್.ಸಿ. ಪಾಸಾದವರು ಕಾರ್ಯಕರ್ತೆ ಆಗಬಹುದಿತ್ತು. 2022ರಲ್ಲಿ ಕೇಂದ್ರ ಸರ್ಕಾರದ ಹೊಸ ಮಾರ್ಗಸೂಚಿ ಬಂದ ಮೇಲೆ ಕಾರ್ಯಕರ್ತೆಗೆ ಪಿ.ಯು.ಸಿ., ಸಹಾಯಕಿಗೆ ಎಸ್.ಎಸ್.ಎಲ್.ಸಿ. ಆಗಿರಬೇಕು ಎಂದಾಗಿದೆ. ವಯಸ್ಸಿನ ಮಿತಿ ಸಾಮಾನ್ಯವಾಗಿ 35. ಹಾಗಾಗಿ ಇಪ್ಪತ್ತಾರು, ಇಪ್ಪತ್ತೇಳರ ಸೊಸೆಯಂದಿರು ಈ ಕೆಲಸದ ಆಸೆ ಇದ್ದರೆ ಈ ವರ್ಷವೇ ಶುರು ಮಾಡಬೇಕು. ನಲವತ್ತು ದಾಟಿದವರು ಅಂಗನವಾಡಿಗಾಗಿ ಅಂತ ಸಾಲ ಮಾಡಿ ಓದುವುದು ಬೇಡ. ಈ ಮಾತನ್ನು ನೇರವಾಗಿ ಹೇಳಲೇಬೇಕು.

ಹಾಗಂತ ಓದಲೇಬಾರದು ಎಂದಲ್ಲ. ಒಕ್ಕೂಟದ ಲೆಕ್ಕ ಬರೆಯುವವರಿಗೆ, ಪಂಚಾಯಿತಿಗೆ ಆಯ್ಕೆಯಾದವರಿಗೆ, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಹೋಗುತ್ತಾ ಮೇಲಿನ ಕೆಲಸಕ್ಕೆ ಅರ್ಜಿ ಹಾಕಬೇಕು ಎನ್ನುವ ಹುಡುಗಿಯರಿಗೆ ಓದು ಉಪಯೋಗಕ್ಕೆ ಬರುತ್ತದೆ. ಮಗಳ ಕಾಲೇಜಿನ ಅರ್ಜಿಯನ್ನು ಇನ್ನೊಬ್ಬರ ಕೈಗೆ ಕೊಡದೆ ತಾನೇ ತುಂಬಬೇಕು ಎಂಬ ಆಸೆಯೂ ಸಣ್ಣ ಕಾರಣವಲ್ಲ. ಕಾರಣ ಯಾವುದೇ ಇರಲಿ, ಅದು ನಿಮ್ಮದೇ ಆಗಿರಲಿ.

ಮೊದಲ ಕೆಲಸ: ಹೆಸರು, ಹುಟ್ಟಿದ ದಿನಾಂಕ

ಓದು ಕಷ್ಟ ಅಂತ ಹೆದರುತ್ತೀರಿ. ಆದರೆ ಬಹಳ ಜನ ಸಿಕ್ಕಿಬೀಳುವುದು ಓದಿನಲ್ಲಿ ಅಲ್ಲ, ಕಾಗದಪತ್ರದಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಾಲೆಗೆ ಸೇರಿಸುವಾಗ ಅಪ್ಪ ಒಂದು ಹೆಸರು ಬರೆಸಿರುತ್ತಾರೆ. ಮದುವೆಯಾಗಿ ಬಂದ ಮನೆಯಲ್ಲಿ ಇನ್ನೊಂದು ಹೆಸರಿನಿಂದ ಕರೆಯುತ್ತಾರೆ, ರೇಷನ್ ಕಾರ್ಡಿಗೂ ಅದೇ ಹೆಸರು ಹೋಗಿಬಿಡುತ್ತದೆ. ಉದಾಹರಣೆಗೆ ಅಂಕಪಟ್ಟಿಯಲ್ಲಿ ‘ಮುನಿರತ್ನಮ್ಮ ವಿ.’ ಎಂದಿರುತ್ತದೆ, ಆಧಾರಿನಲ್ಲಿ ಬರೀ ‘ರತ್ನಮ್ಮ’. ಇನ್ನು ಹುಟ್ಟಿದ ದಿನಾಂಕ ಕೇಳಲೇಬೇಡಿ. ಆಧಾರ್ ಮಾಡಿಸಲು ಹೋದಾಗ ದಿನಾಂಕ ಗೊತ್ತಿಲ್ಲ ಎಂದವರಿಗೆ ಅಂದಾಜಿನ ಮೇಲೆ ಜನವರಿ 1 ಎಂದು ಬಿದ್ದಿರುತ್ತದೆ. ನಮ್ಮ ಕೆಲವು ಸಂಘಗಳಲ್ಲಿ ಅರ್ಧ ಸದಸ್ಯರು ಒಂದೇ ದಿನ ಹುಟ್ಟಿದವರು!

ಇದು ಮುಂಚೆ ಅಷ್ಟು ತೊಂದರೆ ಕೊಡುತ್ತಿರಲಿಲ್ಲ. ಈಗ ಕೊಡುತ್ತದೆ. 2024ರಿಂದ ದೂರಶಿಕ್ಷಣದಲ್ಲಿ ಪದವಿಗೆ ಸೇರುವ ಪ್ರತಿಯೊಬ್ಬರೂ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ, ಅಂದರೆ ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದಲ್ಲಿ ಒಂದು ಗುರುತಿನ ಸಂಖ್ಯೆ ಪಡೆಯಬೇಕು. ಅದನ್ನು ಡಿ.ಇ.ಬಿ. ಐ.ಡಿ. ಎನ್ನುತ್ತಾರೆ. ಅದಕ್ಕಿಂತ ಮೊದಲು ಎ.ಬಿ.ಸಿ. ಐ.ಡಿ. ಎಂಬ ಇನ್ನೊಂದು ಸಂಖ್ಯೆ ಬೇಕು, ಅದು ಆಧಾರಿನ ಮೇಲೆ ಡಿಜಿಲಾಕರ್‌ನಲ್ಲಿ ಆಗುತ್ತದೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರು ಇದ್ದರೆ ಇಲ್ಲೇ ಗಾಡಿ ನಿಂತುಹೋಗುತ್ತದೆ.

ನನ್ನ ಸಲಹೆ ಇಷ್ಟು: ಅಂಕಪಟ್ಟಿಯನ್ನು ಮುಟ್ಟಬೇಡಿ, ಆಧಾರನ್ನು ಅಂಕಪಟ್ಟಿಗೆ ಸರಿಯಾಗಿ ಮಾಡಿಸಿ. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. ಆ ಒಂದು ಸಲವನ್ನು ಸುಮ್ಮನೆ ಕಳೆದುಕೊಳ್ಳಬೇಡಿ. ಅಂಕಪಟ್ಟಿ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಕ್ಷರ ಅಕ್ಷರ ನೋಡಿ, ಇನಿಶಿಯಲ್ ಮುಂದಿದೆಯೋ ಹಿಂದಿದೆಯೋ ಅದನ್ನೂ ನೋಡಿ, ಇಂಗ್ಲಿಷ್ ಕಾಗುಣಿತವನ್ನು ಓದು ಬಲ್ಲ ಮಕ್ಕಳಿಂದ ಓದಿಸಿ ಆಮೇಲೆ ಒಪ್ಪಿಕೊಳ್ಳಿ. ಆಧಾರ್ ಬದಲಾದ ಮೇಲೆ ಬ್ಯಾಂಕ್ ಖಾತೆ, ರೇಷನ್ ಕಾರ್ಡಿನಲ್ಲೂ ಅದೇ ಹೆಸರು ಮಾಡಿಸಬೇಕು, ಇಲ್ಲದಿದ್ದರೆ ಅಲ್ಲಿ ಹೊಸ ತಕರಾರು ಹುಟ್ಟುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ದೊಡ್ಡ ತೊಂದರೆ. ಆಧಾರಿಗೆ ಸೇರಿಸಿದ ಫೋನ್ ನಂಬರ್ ಯಾರದ್ದು? ಬಹುಪಾಲು ಮನೆಗಳಲ್ಲಿ ಗಂಡನದ್ದು, ಇಲ್ಲವೇ ಮಗನದ್ದು. ಅರ್ಜಿ ಹಾಕುವಾಗ ಒ.ಟಿ.ಪಿ. ಅದಕ್ಕೇ ಬರುತ್ತದೆ. ನೀವು ಕಂಪ್ಯೂಟರ್ ಅಂಗಡಿಯಲ್ಲಿ ಕೂತಿರುತ್ತೀರಿ, ಅವರು ಟೊಮೆಟೊ ಲೋಡಿನ ಜೊತೆ ಮಂಡಿಯಲ್ಲಿರುತ್ತಾರೆ. ಅಂಗಡಿಯವನು ಹತ್ತು ನಿಮಿಷ ಕಾದು ಮುಂದಿನವರನ್ನು ಕರೆಯುತ್ತಾನೆ. ನಿಮ್ಮದೇ ನಂಬರ್ ಸೇರಿಸಿಕೊಳ್ಳಿ. ಓದಿಗೆ ಅಂತಲ್ಲ, ಎಲ್ಲದಕ್ಕೂ ಒಳ್ಳೆಯದು.

ಅಂಕಪಟ್ಟಿ ಕಳೆದುಹೋಗಿದ್ದರೆ ನೀವು ಓದಿದ ಶಾಲೆಗೇ ಹೋಗಿ. ದಾಖಲಾತಿ ರಿಜಿಸ್ಟರನ್ನು ಶಾಲೆಗಳು ಇಟ್ಟುಕೊಂಡಿರುತ್ತವೆ. ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಿ ಎರಡನೇ ಪ್ರತಿ ತರಿಸಬಹುದು. ತವರೂರಿನ ಶಾಲೆಯಾದರೆ ಹಬ್ಬಕ್ಕೆ ಹೋದಾಗ ಒಂದು ದಿನ ಇದಕ್ಕೇ ಇಟ್ಟುಕೊಳ್ಳಿ, ಆದರೆ ರಜೆಯಲ್ಲಿ ಹೋಗಿ ಬೀಗ ನೋಡಿಕೊಂಡು ಬರಬೇಡಿ. ಸಿಕ್ಕಿದ ಅಂಕಪಟ್ಟಿಗೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ.

ಎಸ್.ಎಸ್.ಎಲ್.ಸಿ. ಆಗದವರು

ಎರಡು ದಾರಿ ಇವೆ.

ಒಂದು, ನಮ್ಮ ರಾಜ್ಯದ ಮಂಡಳಿಯಲ್ಲಿ ಖಾಸಗಿ ಅಭ್ಯರ್ಥಿಯಾಗಿ ಕಟ್ಟುವುದು. ಪ್ರೌಢಶಿಕ್ಷಣ ಮಂಡಳಿಯ ಜೊತೆಗೆ ಪಿ.ಯು. ಪರೀಕ್ಷೆಯನ್ನೂ ಸೇರಿಸಿ 2022ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಆಯಿತು. ಎರಡೂ ಪರೀಕ್ಷೆಗಳನ್ನು ಈಗ ಅದೇ ನಡೆಸುತ್ತದೆ. ಪರೀಕ್ಷೆ ಮಾರ್ಚ್ ಸುಮಾರಿಗೆ ಬಂದರೂ ಹೆಸರು ನೋಂದಾಯಿಸುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ. ಜನವರಿಯಲ್ಲಿ ಎಚ್ಚರ ಆದರೆ ಒಂದು ವರ್ಷ ಹೋಯಿತು ಅಂತಲೇ. ದಸರಾ ಹೊತ್ತಿಗೆ ನಿಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ, ಅದೇ ಬಿ.ಇ.ಒ. ಆಫೀಸಿನಲ್ಲಿ, ಖಾಸಗಿಯಾಗಿ ಕಟ್ಟುವವರು ಯಾವ ಪ್ರೌಢಶಾಲೆಯಲ್ಲಿ ಅರ್ಜಿ ಕೊಡಬೇಕು ಎಂದು ಕೇಳಿ. ಒಟ್ಟು ಆರು ವಿಷಯ, 625 ಅಂಕ. ಮುಂಚೆ ಬರೆದು ಒಂದೆರಡು ವಿಷಯದಲ್ಲಿ ಮಾತ್ರ ಫೇಲಾದವರು ಹಳೆಯ ಅಂಕಪಟ್ಟಿ ತೋರಿಸಿ ಕೇಳಿ. ಪಠ್ಯಕ್ರಮ ಬಹಳ ಹಳೆಯದಾಗಿದ್ದರೆ ಹೊಸದಾಗಿ ಎಲ್ಲ ವಿಷಯ ಬರೆಯಬೇಕಾಗಬಹುದು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತಿರುವುದರಿಂದ ಮೊದಲ ಸಲ ಒಂದು ವಿಷಯ ಹೋದರೂ ಒಂದು ವರ್ಷ ಕಾಯಬೇಕಾಗಿಲ್ಲ.

ಎರಡನೆಯದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಎನ್.ಐ.ಒ.ಎಸ್. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಇದು. ಹತ್ತನೇ ತರಗತಿಗೆ 14 ವರ್ಷ ತುಂಬಿದ್ದರೆ ಸಾಕು, ಮೇಲಿನ ಮಿತಿ ಇಲ್ಲ. ಐದು ವಿಷಯ ಪಾಸಾದರೆ ಆಯಿತು. ಐದು ವರ್ಷದಲ್ಲಿ ಒಂಬತ್ತು ಅವಕಾಶ ಇರುವುದರಿಂದ ಒಂದು ಸಲಕ್ಕೆ ಎರಡು ವಿಷಯ ಬರೆದು, ಮತ್ತೆ ಎರಡು ಬರೆದು ಮುಗಿಸಬಹುದು. ಶಾಲೆಯ ಯಾವ ಕಾಗದವೂ ಇಲ್ಲದವರು ಈ ತರಗತಿ ಓದುವಷ್ಟು ನನಗೆ ಬರುತ್ತದೆ ಎಂದು ತಾವೇ ಬರೆದು ಕೊಡಬಹುದು. ಹತ್ತನೇ ತರಗತಿಯನ್ನು ತೆಲುಗು, ಉರ್ದುವಿನಲ್ಲೂ ಬರೆಯಬಹುದು. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳಲ್ಲಿ, ಆಂಧ್ರದ ಕಡೆಯಿಂದ ಮದುವೆಯಾಗಿ ಬಂದು ತೆಲುಗಿನಲ್ಲಿ ಓದಿದವರು ಎಷ್ಟೋ ಜನ ಇದ್ದೀರಿ. ನಿಮಗೆ ಈ ದಾರಿ ಅನುಕೂಲ. ಕನ್ನಡದಲ್ಲೇ ಓದಿದವರಿಗೆ ರಾಜ್ಯದ ಮಂಡಳಿಯೇ ಸುಲಭ ಅಂತ ನನ್ನ ಅಭಿಪ್ರಾಯ. ಪಕ್ಕದ ಮನೆ ಮಕ್ಕಳ ಹಳೇ ಪುಸ್ತಕ ಸಿಗುತ್ತದೆ, ಗೊತ್ತಾಗದ್ದನ್ನು ಹೇಳಿಕೊಡಲು ಅದೇ ಪಾಠ ಓದಿದವರು ಊರಲ್ಲೇ ಇರುತ್ತಾರೆ.

ಗಣಿತಕ್ಕೆ ಹೆದರುವವರಿಗೆ ಒಂದು ಮಾತು. ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಎಂಟು ತಿಂಗಳಿಗೆ ಎಷ್ಟು ಎಂದು ಬಾಯಲ್ಲೇ ಲೆಕ್ಕ ಹೇಳುವವರು ನೀವು. ಅಷ್ಟು ಭಯ ಬೇಡ. ಇಂಗ್ಲಿಷಿಗೆ ಮಾತ್ರ ದಿನಾ ಅರ್ಧ ಗಂಟೆ ಕೂರಲೇಬೇಕು, ಅದರಲ್ಲಿ ಸುಳ್ಳು ಹೇಳುವುದಿಲ್ಲ.

ಪಿ.ಯು.ಸಿ.

ಎಸ್.ಎಸ್.ಎಲ್.ಸಿ. ಪಾಸಾಗಿ ಎರಡು ವರ್ಷ ಆಗಿದ್ದರೆ ಕಾಲೇಜಿಗೆ ಹೋಗದೆ ನೇರವಾಗಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯನ್ನು ಖಾಸಗಿಯಾಗಿ ಬರೆಯಬಹುದು. ಕಲಾ ಮತ್ತು ವಾಣಿಜ್ಯ ವಿಭಾಗ ಮಾತ್ರ, ಪ್ರಾಯೋಗಿಕ ಪರೀಕ್ಷೆ ಇರುವ ವಿಜ್ಞಾನ ಇಲ್ಲ. ಹತ್ತಿರದ ಪಿ.ಯು. ಕಾಲೇಜಿನ ಪ್ರಾಂಶುಪಾಲರ ಮೂಲಕ ಅರ್ಜಿ ಹಾಕಬೇಕು. ಎರಡು ಭಾಷೆ, ನಾಲ್ಕು ವಿಷಯ, ಒಟ್ಟು 600 ಅಂಕ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡರೆ ಕನ್ನಡದಲ್ಲಿ ಪುಸ್ತಕ ಸುಲಭವಾಗಿ ಸಿಗುತ್ತವೆ. ಎಂದೋ ಎಸ್.ಎಸ್.ಎಲ್.ಸಿ. ಪಾಸಾಗಿ ಮದುವೆಯಾದವರಿಗೆ ಎರಡು ವರ್ಷದ ಅಂತರ ಯಾವತ್ತೋ ಕಳೆದುಹೋಗಿದೆ. ಅಂಥವರು ಬರುವ ಪರೀಕ್ಷೆಗೇ ಕಟ್ಟಬಹುದು.

ಈ ಮೆಟ್ಟಿಲನ್ನು ಬಿಟ್ಟು ಹೋಗಬೇಡಿ ಎಂದು ಒತ್ತಿ ಹೇಳುತ್ತೇನೆ. ಪಿ.ಯು.ಸಿ. ಆಗದ ದೊಡ್ಡವರನ್ನು ಆರು ತಿಂಗಳ ಸಿದ್ಧತಾ ಕೋರ್ಸ್ ಮಾಡಿಸಿ ಪದವಿಗೆ ತೆಗೆದುಕೊಳ್ಳುವ ಪದ್ಧತಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದಲ್ಲಿ, ಅಂದರೆ ಇಗ್ನೊದಲ್ಲಿ, ಇತ್ತು. ಉದ್ದೇಶ ಒಳ್ಳೆಯದೇ. ಆದರೆ ಆ ಕೋರ್ಸು ಪಿ.ಯು.ಸಿ.ಗೆ ಸಮ ಅಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ಪಿ.ಯು.ಸಿ. ಅಂಕಪಟ್ಟಿ ಕೇಳಿದರೆ ಕೊಡಲು ಏನೂ ಇರುವುದಿಲ್ಲ. ಹೀಗೇ ಪದವಿಯೇ ಇಲ್ಲದೆ ನೇರವಾಗಿ ಎಂ.ಎ. ಮಾಡಿಕೊಂಡವರ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2009ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಮೊಕದ್ದಮೆಯಲ್ಲಿ, ಮೂಲ ಪದವಿ ಇಲ್ಲದೆ ಪಡೆದ ಎಂ.ಎ. ನಡೆಯುವುದಿಲ್ಲ ಎಂದು ತೀರ್ಪಾಯಿತು.

ಪದವಿಗೆ ಎಲ್ಲಿ ಸೇರುವುದು?

ಕನ್ನಡದಲ್ಲಿ ಓದಿ ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ಪೇಪರಿನಲ್ಲಿ ‘ಕರಾಮುವಿ’ ಎಂದು ಬರುವುದು ಇದೇ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಮೂಲಕ ಪಾಠ ಹೇಳುವ ವಿಭಾಗ ತೆರೆಯಿತು. ಅದೇ ಬೆಳೆದು 1996ರಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯ ಆಯಿತು. ಮುಖ್ಯ ಕಚೇರಿ ಮೈಸೂರಿನ ಮುಕ್ತಗಂಗೋತ್ರಿಯಲ್ಲಿದ್ದರೂ ನಾವು ಅಷ್ಟು ದೂರ ಹೋಗಬೇಕಾಗಿಲ್ಲ, ಕೋಲಾರದಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಜುಲೈ, ಜನವರಿ ಎರಡು ಆವೃತ್ತಿಗಳಲ್ಲಿ ಪ್ರವೇಶ ಮಾಡಿಕೊಳ್ಳುತ್ತಾರೆ. ಬಿ.ಎ., ಬಿ.ಕಾಂ.ಗೆ ಪಿ.ಯು.ಸಿ. ಪಾಸಾಗಿರಬೇಕು. ಪುಸ್ತಕ ಅವರೇ ಕೊಡುತ್ತಾರೆ. ಕೆಲವು ದಿನ ಸಂಪರ್ಕ ತರಗತಿ ಇರುತ್ತದೆ, ಮನೆಯಲ್ಲೇ ಬರೆದು ಕೊಡುವ ಅಸೈನ್‌ಮೆಂಟ್ ಇರುತ್ತದೆ. ಅಸೈನ್‌ಮೆಂಟನ್ನು ಹಗುರ ಮಾಡಬೇಡಿ, ಅದರ ಅಂಕಗಳೂ ಸೇರುತ್ತವೆ.

ಇಗ್ನೊ 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಆದದ್ದು. ಇಂಗ್ಲಿಷ್ ಚೆನ್ನಾಗಿ ಬರುವ ಹುಡುಗಿಯರು ಅಲ್ಲಿ ಸೇರಬಹುದು. ಅಲ್ಲಿ ಬಿ.ಎ. ಮುಗಿಸಲು ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಧ್ಯೆ ಬಾಣಂತನ ಬಂತು, ಅತ್ತೆಗೆ ಹುಷಾರಿಲ್ಲ ಅಂತ ಒಂದು ವರ್ಷ ಬಿಟ್ಟರೂ ಹೆಸರು ಹೋಗುವುದಿಲ್ಲ.

ದೂರಶಿಕ್ಷಣದ ಡಿಗ್ರಿಗೆ ಬೆಲೆ ಇಲ್ಲ ಎಂದು ಹೇಳುವವರು ಇದ್ದಾರೆ. ಮಾನ್ಯತೆ ಇರುವ ಕಡೆ ಪಡೆದ ಪದವಿ ಕಾಲೇಜಿನ ಪದವಿಗೆ ಸಮ ಎಂದು ಯು.ಜಿ.ಸಿ. 2014ರಲ್ಲಿ ಹೇಳಿದೆ, 2020ರ ನಿಯಮಗಳಲ್ಲೂ ಬರೆದಿದೆ.

ಇಲ್ಲಿ ‘ಮಾನ್ಯತೆ’ ಎಂಬುದೇ ಮುಖ್ಯ. ಇದರ ಬೆಲೆ ಏನೆಂದು ನಮ್ಮ ರಾಜ್ಯದವರಿಗೆ ಚೆನ್ನಾಗಿ ಗೊತ್ತು. 2012-13ರ ನಂತರ ಕರಾಮುವಿಗೆ ಮಾನ್ಯತೆ ಇಲ್ಲ ಎಂದು 2015ರ ಜೂನ್‌ನಲ್ಲಿ ಯು.ಜಿ.ಸಿ. ಪ್ರಕಟಣೆ ಹೊರಡಿಸಿತು. ಆ ವರ್ಷಗಳಲ್ಲಿ ಸೇರಿದ್ದವರು ಫೀಸು ಕಟ್ಟಿ, ಪರೀಕ್ಷೆ ಬರೆದು, ಸರ್ಟಿಫಿಕೇಟ್ ಇಟ್ಟುಕೊಂಡು ಪರದಾಡಿದರು. 2018ರ ಆಗಸ್ಟ್‌ನಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು, ಕೋರ್ಸುಗಳು ಮತ್ತೆ ಶುರುವಾದವು. ಮಾನ್ಯತೆ ಕೊಡುವುದು ಇಂಥ ಕೋರ್ಸಿಗೆ, ಇಂಥ ವರ್ಷಕ್ಕೆ ಎಂದು. ಆದ್ದರಿಂದ ಎಷ್ಟೇ ದೊಡ್ಡ ಹೆಸರಿನ ಸಂಸ್ಥೆಯಾಗಲಿ, "ನಾನು ಸೇರುವ ಕೋರ್ಸಿಗೆ ಈ ವರ್ಷ ಮಾನ್ಯತೆ ಇದೆಯಾ?" ಎಂದು ಕೇಳಿ. ಯು.ಜಿ.ಸಿ. ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತದೆ. ಕಾಲೇಜಿಗೆ ಹೋಗುವ ಮಗ, ಮಗಳು ಫೋನಿನಲ್ಲಿ ಐದು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಮೋಸ ಹೋಗಬೇಡಿ

ಬಸ್‌ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ ಚೀಟಿಗಳನ್ನು ನೋಡಿರುತ್ತೀರಿ. ‘ಫೇಲಾದವರಿಗೆ ಸುವರ್ಣಾವಕಾಶ, ಒಂದೇ ವರ್ಷದಲ್ಲಿ ಡಿಗ್ರಿ’ ಅಂತ. ಪದವಿಗೆ ಸಾಮಾನ್ಯವಾಗಿ ಮೂರು ವರ್ಷ ಬೇಕು, ಒಂದೇ ವರ್ಷದಲ್ಲಿ ಯಾರಿಗೂ ಆಗುವುದಿಲ್ಲ. ಹಿಂದಿನ ವರ್ಷದ ತಾರೀಕು ಹಾಕಿ ಅಂಕಪಟ್ಟಿ ಕೊಡುತ್ತೇವೆ ಎಂದರೆ ಅದು ಖೋಟಾ. ಸಿಕ್ಕಿಬಿದ್ದರೆ ಕೊಟ್ಟವನು ಊರಲ್ಲಿರುವುದಿಲ್ಲ, ಕೇಸು ಇಟ್ಟುಕೊಂಡವರ ಮೇಲೆ ಬರುತ್ತದೆ. ದೂರಶಿಕ್ಷಣದಲ್ಲಿ ನರ್ಸಿಂಗ್, ಫಾರ್ಮಸಿ, ಕಾನೂನು, ಎಂಜಿನಿಯರಿಂಗ್ ಪದವಿಗಳಿಗೆ ಯು.ಜಿ.ಸಿ. ಒಪ್ಪಿಗೆ ಇಲ್ಲ. ‘ಮನೆಯಲ್ಲೇ ಕೂತು ನರ್ಸಿಂಗ್’ ಎಂಬುದನ್ನು ನಂಬಿ ಚಿನ್ನ ಅಡವಿಟ್ಟು ಮಗಳನ್ನು ಸೇರಿಸಬೇಡಿ.

ನಮ್ಮದು ಗಡಿ ಜಿಲ್ಲೆ ಆದ್ದರಿಂದ ಇನ್ನೊಂದು ಎಚ್ಚರಿಕೆ. ಒಂದು ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯ ಇನ್ನೊಂದು ರಾಜ್ಯದಲ್ಲಿ ದೂರಶಿಕ್ಷಣದ ಕೇಂದ್ರ ನಡೆಸುವಂತಿಲ್ಲ. ಹೊರ ರಾಜ್ಯದ ಯಾವುದೋ ವಿಶ್ವವಿದ್ಯಾನಿಲಯದ ಬೋರ್ಡು ನಮ್ಮ ಊರಿನ ಮಹಡಿ ಮೇಲೆ ಕಂಡರೆ, ಮೊದಲು ವಿಚಾರಿಸಿ, ಆಮೇಲೆ ಮೆಟ್ಟಿಲು ಹತ್ತಿ. ದುಡ್ಡನ್ನು ಯಾರ ಕೈಗೂ ಕೊಡಬೇಡಿ. ವಿಶ್ವವಿದ್ಯಾನಿಲಯದ ಖಾತೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ಮನೆ, ಹುಳು, ಹಾಲು, ಪರೀಕ್ಷೆ

ಶುರು ಮಾಡಿದವರು ನಿಲ್ಲಿಸುವುದು ಬುದ್ಧಿ ಇಲ್ಲದ್ದಕ್ಕಲ್ಲ, ಸಮಯ ಇಲ್ಲದ್ದಕ್ಕೆ. ಬೆಳಿಗ್ಗೆ ಡೇರಿಗೆ ಹಾಲು, ಸಂಜೆ ಮತ್ತೆ ಹಾಲು. ರೇಷ್ಮೆ ಇರುವ ಮನೆಯಲ್ಲಂತೂ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿಯೂ ಸೊಪ್ಪು ಹಾಕಬೇಕು, ಹಣ್ಣಾದ ಹುಳ ಆಯ್ದು ಚಂದ್ರಿಕೆಗೆ ಬಿಡಬೇಕು. ಆ ವಾರವೇ ಪರೀಕ್ಷೆ ಬಂದರೆ ಪುಸ್ತಕ ಮುಟ್ಟಲೂ ಆಗುವುದಿಲ್ಲ. ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಲೆಕ್ಕ ಹಾಕಿ, ಹುಳು ತರುವುದನ್ನು ಹಿಂದಕ್ಕೋ ಮುಂದಕ್ಕೋ ಮಾಡಿ. ಒಂದು ಬೆಳೆ ಪೂರ್ತಿ ಬಿಡುವುದು ಎಲ್ಲರಿಗೂ ಆಗುವ ಮಾತಲ್ಲ, ಹತ್ತು ದಿನ ಜರುಗಿಸುವುದು ಆಗುತ್ತದೆ. ಶ್ರೀನಿವಾಸಪುರದವರಿಗೆ ಮೇ, ಜೂನ್ ಮಾವಿನ ಸುಗ್ಗಿ. ಅಲ್ಲಿಯವರು ಮಾರ್ಚ್ ಪರೀಕ್ಷೆಯಲ್ಲೇ ಮುಗಿಸಲು ನೋಡಿ, ಮರುಪರೀಕ್ಷೆ ಸುಗ್ಗಿಗೆ ಡಿಕ್ಕಿ ಹೊಡೆಯುತ್ತದೆ.

ಒಬ್ಬರೇ ಓದಬೇಡಿ. ಒಂದು ಸಂಘದಲ್ಲಿ ಇಬ್ಬರು ಸಿಕ್ಕಿದರೆ ಸಾಕು, ಒಬ್ಬರ ಮನೆ ಜಗುಲಿಯಲ್ಲಿ ವಾರಕ್ಕೆ ಮೂರು ಸಂಜೆ ಕೂರಬಹುದು. ಇಬ್ಬರು ಹೊರಟರೆ ಮನೆಯವರೂ ಕಡಿಮೆ ಗೊಣಗುತ್ತಾರೆ. ಸಂಪರ್ಕ ತರಗತಿಗೆ, ಪರೀಕ್ಷೆಗೆ ಕೋಲಾರಕ್ಕೆ ಹೋಗಿಬರುವ ಖರ್ಚು 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಗ್ಗಿದೆ. ಹಾಗಾಗಿ ಬಸ್ ಚಾರ್ಜಿನ ನೆಪ ಹೇಳಿ ನಿಲ್ಲಿಸುವವರಿಗೆ ಉತ್ತರ ಇದೆ.

ಫೀಸಿಗೆ ಸಂಘದ ಆಂತರಿಕ ಸಾಲ ತೆಗೆದುಕೊಳ್ಳಬಹುದು. ಮಕ್ಕಳ ಫೀಸಿಗೆ ಕೊಡುವ ಸಂಘ ಅಮ್ಮನ ಫೀಸಿಗೆ ಯಾಕೆ ಕೊಡಬಾರದು? ನಡಾವಳಿ ಪುಸ್ತಕದಲ್ಲಿ ‘ಸದಸ್ಯೆಯ ವಿದ್ಯಾಭ್ಯಾಸಕ್ಕೆ’ ಎಂದೇ ಬರೆಯಿರಿ. ಮೂರು ವರ್ಷದ್ದು ಒಟ್ಟಿಗೆ ಎತ್ತಬೇಡಿ, ಆಯಾ ವರ್ಷದ್ದು ಮಾತ್ರ ತೆಗೆದುಕೊಂಡು ತೀರಿಸಿ ಮುಂದಿನದಕ್ಕೆ ಹೋಗಿ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ ಫೀಸಿನ ರಿಯಾಯಿತಿ, ವಿದ್ಯಾರ್ಥಿ ವೇತನ ಏನಿದೆ ಎಂದು ಸೇರುವ ದಿನವೇ ಕೇಳಿ. ಜಾತಿ, ಆದಾಯ ಪ್ರಮಾಣಪತ್ರ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಕಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎಸ್.ಎಸ್.ಎಲ್.ಸಿ. ಆಗದವರು ಒಂದು ವರ್ಷದಲ್ಲಿ ಅದನ್ನು ಮುಗಿಸಿದರೆ, ಎರಡು ವರ್ಷ ಬಿಟ್ಟು ಪಿ.ಯು.ಸಿ., ಆಮೇಲೆ ಮೂರು ವರ್ಷ ಪದವಿ, ಒಟ್ಟು ಆರು ವರ್ಷ. ಪಿ.ಯು.ಸಿ. ಆಗಿ ಮನೆಯಲ್ಲಿರುವವರಿಗೆ ಮೂರೇ ವರ್ಷ. ನಿಮ್ಮಲ್ಲಿ ಈ ಎರಡನೇ ಗುಂಪಿನವರು ನೀವು ತಿಳಿದಿರುವುದಕ್ಕಿಂತ ಹೆಚ್ಚು ಇದ್ದೀರಿ. ಪಿ.ಯು.ಸಿ. ಅಂಕಪಟ್ಟಿ ಪೆಟ್ಟಿಗೆಯ ತಳದಲ್ಲಿ ಸೀರೆ ಕೆಳಗೆ ಇರುತ್ತದೆ, ಅಷ್ಟೇ.

ಮುಂದಿನ ತಿಂಗಳ ಸಭೆಗೆ ಬರುವಾಗ ಓದುವ ಮನಸ್ಸಿರುವವರು ಆಧಾರ್ ಕಾರ್ಡ್, ಇರುವ ಅಂಕಪಟ್ಟಿ ಅಥವಾ ಶಾಲೆಯ ಟಿ.ಸಿ. ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು, ದಿನಾಂಕ ನೋಡೋಣ. ಯಾರಿಗೆ ತಿದ್ದುಪಡಿ ಬೇಕು, ಯಾರು ಈ ವರ್ಷವೇ ಕಟ್ಟಬಹುದು ಎಂದು ಅಲ್ಲೇ ಪಟ್ಟಿ ಮಾಡೋಣ. ಸಭೆ ಮುಗಿದ ಮೇಲೆ ಮೆಲ್ಲಗೆ ಕೇಳುವುದು ಬೇಡ, ಎಲ್ಲರ ಎದುರಿಗೇ ಕೇಳಿ. ನಿಮ್ಮ ಹಿಂದೆ ಅದೇ ಪ್ರಶ್ನೆ ಇಟ್ಟುಕೊಂಡು ಇನ್ನೂ ನಾಲ್ಕು ಜನ ಕೂತಿರುತ್ತಾರೆ.